ಟಿಕೆಟ್ಟಿನ ಗಂಟೆ, ಪ್ರಯಾಣದ ಗಂಟೆ



ನಮ್ಮ ಹೊಳಲ್ಕೆರೆಯ ಖಾಲಾ ಒಬ್ಬರು ಉಮ್ರಾಕ್ಕೆ ಹೊರಟಿದ್ದರು. ವಯಸ್ಸು ಅರವತ್ತು ದಾಟಿದೆ, ಸಕ್ಕರೆ ಕಾಯಿಲೆಯೂ ಇದೆ. ಮಗ ಟಿಕೆಟ್ ಓದಿ ಹೇಳಿದ: "ಅಮ್ಮೀ, ಬೆಂಗಳೂರು ಬಿಡುವುದು ಬೆಳಿಗ್ಗೆ 9ಕ್ಕೆ, ಜಿದ್ದಾ ತಲುಪುವುದು 12.30ಕ್ಕೆ. ಬರೀ ಮೂರೂವರೆ ಗಂಟೆ!" ಖಾಲಾ ನಿಶ್ಚಿಂತೆಯಿಂದ ರೊಟ್ಟಿ, ಬಿಸ್ಕೆಟ್, ಮಾತ್ರೆ ಎಲ್ಲವನ್ನೂ ದೊಡ್ಡ ಪೆಟ್ಟಿಗೆಯಲ್ಲಿಟ್ಟು ಲಗೇಜಿಗೆ ಕೊಟ್ಟುಬಿಟ್ಟರು. ಬೆಳಗಿನ ಮಾತ್ರೆ ನುಂಗಿದ್ದರು, ವಿಮಾನದ ಊಟ ಸೇರಲಿಲ್ಲ. ಜಿದ್ದಾದಲ್ಲಿ ಪಾಸ್‌ಪೋರ್ಟ್ ತಪಾಸಣೆಯ ಸಾಲಿನಲ್ಲಿ ಕಣ್ಣು ಕತ್ತಲಿಟ್ಟಿತು. ಹಿಂದೆ ನಿಂತಿದ್ದ ಹೆಣ್ಣುಮಗಳೊಬ್ಬಳು ಖರ್ಜೂರ ತಿನ್ನಿಸಿದ ಮೇಲೆ ಚೇತರಿಸಿಕೊಂಡರು. ಅಲ್ಲಾಹನ ದಯೆ.

ಲೆಕ್ಕ ತಪ್ಪಿದ್ದೆಲ್ಲಿ? ಟಿಕೆಟ್ಟಿನಲ್ಲಿ ಹೊರಡುವ ಸಮಯ ನಮ್ಮ ಗಡಿಯಾರದ್ದು, ಇಳಿಯುವ ಸಮಯ ಅಲ್ಲಿನ ಗಡಿಯಾರದ್ದು. ಸೌದಿ ಅರೇಬಿಯಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ 12.30 ಎಂದರೆ ಇಲ್ಲಿ ಮಧ್ಯಾಹ್ನ 3. ಅಂದರೆ ವಿಮಾನದಲ್ಲೇ ಆರು ಗಂಟೆ. ಬೆಂಗಳೂರಿನಿಂದ ಜಿದ್ದಾಕ್ಕೆ ನೇರ ದೂರ ಸುಮಾರು 4,200 ಕಿ.ಮೀ. ಗಂಟೆಗೆ 850 ಕಿ.ಮೀ. ವೇಗವೆಂದರೂ ಐದು ಗಂಟೆ ಬೇಕು. ಮೇಲೇರುವುದು, ಇಳಿಯುವುದು, ದಾರಿ ಬಳಸುವುದು, ಎದುರುಗಾಳಿ ಇವೆಲ್ಲ ಸೇರಿ ಮತ್ತಷ್ಟು ಹೊತ್ತು ಹಿಡಿಯುತ್ತದೆ.

ಇನ್ನು ನೆಲದ ದಾರಿ. ಹೊಳಲ್ಕೆರೆಯಿಂದ ಚಿತ್ರದುರ್ಗ, ಹಿರಿಯೂರು, ಸಿರಾ, ತುಮಕೂರು ಹಾದು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಸುಮಾರು 230 ಕಿ.ಮೀ. ಕಾರಿನಲ್ಲೇ ನಾಲ್ಕೂವರೆ, ಐದು ಗಂಟೆ. ಸಮುದ್ರ ದಾಟುವಷ್ಟೇ ಹೊತ್ತು ನಮ್ಮ ರಾಜ್ಯದೊಳಗೇ ಕಳೆಯುತ್ತದೆ! ಮೂರು ಗಂಟೆ ಮೊದಲೇ ಅಲ್ಲಿರಬೇಕಾದ್ದರಿಂದ ಮನೆ ಬಿಡುವುದು ರಾತ್ರಿ ಒಂದಕ್ಕೆ. ಇಳಿದ ಮೇಲೆ ತಪಾಸಣೆ, ಲಗೇಜು, ನಂತರ ಮಕ್ಕಾಕ್ಕೆ ಬಸ್ಸಿನಲ್ಲಿ ಸುಮಾರು 100 ಕಿ.ಮೀ. ಒಟ್ಟು ಹದಿನೆಂಟು ಗಂಟೆಗೆ ಕಡಿಮೆಯಿಲ್ಲ. ನಡುವೆ ವಿಮಾನ ಬದಲಾಯಿಸುವುದಿದ್ದರೆ ಇನ್ನೂ ಹೆಚ್ಚು.

ಆದ್ದರಿಂದ ಮನೆಯ ಹಿರಿಯರನ್ನು ಕಳಿಸುವ ಮುನ್ನ ಒಂದು ಹಾಳೆ ತೆಗೆದುಕೊಳ್ಳಿ. ಹೊಸ್ತಿಲಿನಿಂದ ಮಕ್ಕಾದ ಕೋಣೆಯವರೆಗಿನ ಗಂಟೆಗಳನ್ನು ನಮ್ಮ ಗಡಿಯಾರದಲ್ಲೇ ಬರೆಯಿರಿ. ಎಷ್ಟು ಹೊತ್ತಿಗೆ ಊಟ, ಎಷ್ಟು ಹೊತ್ತಿಗೆ ಮಾತ್ರೆ ಎಂದು ವೈದ್ಯರಲ್ಲಿ ಕೇಳಿ ಪಕ್ಕದಲ್ಲಿ ಗುರುತಿಸಿ. ಮಾತ್ರೆ, ಇನ್ಸುಲಿನ್, ವೈದ್ಯರ ಚೀಟಿ, ಸ್ವಲ್ಪ ತಿಂಡಿ ಕೈಚೀಲದಲ್ಲೇ ಇರಲಿ. ಲಗೇಜಿನಲ್ಲಿಟ್ಟ ಇನ್ಸುಲಿನ್ ಚಳಿಗೆ ಕೆಡಬಹುದು. ನಡೆಯಲಾಗದವರಿಗೆ ಗಾಲಿಕುರ್ಚಿಯನ್ನು ಟಿಕೆಟ್ ತೆಗೆಯುವಾಗಲೇ ಕೇಳಿ. ನೇರ ಮಕ್ಕಾಕ್ಕೆ ಹೋಗುವವರು ಮೀಕಾತ್ ದಾಟುವುದು ಆಕಾಶದಲ್ಲೇ. ಗಂಡಸರು ಇಹ್ರಾಮಿನ ಬಟ್ಟೆಯನ್ನು ಬೆಂಗಳೂರಿನಲ್ಲೇ ಉಟ್ಟುಕೊಳ್ಳುವುದು ಅನುಕೂಲ.

1995ರವರೆಗೆ ಮುಂಬೈಯಿಂದ ಹಡಗಿನಲ್ಲಿ ಹಜ್ಜ್‌ಗೆ ಹೋಗುತ್ತಿದ್ದವರು ಹಲವು ದಿನಗಳ ದಾರಿಯೆಂದು ತಿಳಿದೇ ಬುತ್ತಿ ಕಟ್ಟುತ್ತಿದ್ದರು. ಖಾಲಾ ಈಗ ಯಾರೇ ಉಮ್ರಾಕ್ಕೆ ಹೊರಟರೂ ಮೊದಲು ಕೇಳುವ ಪ್ರಶ್ನೆ ಒಂದೇ: "ಕೈಚೀಲದಲ್ಲಿ ತಿನ್ನಲಿಕ್ಕೆ ಏನಿಟ್ಟುಕೊಂಡಿದ್ದೀಯಮ್ಮಾ?"