ಗೋಪ್ಯ ವರದಿಯಲ್ಲಿ ಬರೆಯದೇ ಹೋದ ಪದ

2024ರ ಜುಲೈನಲ್ಲಿ ಸಂಸತ್ತಿನಲ್ಲಿ ಮಂಡಿಸಲಾದ ಆರ್ಥಿಕ ಸಮೀಕ್ಷೆಯು ಮಾನಸಿಕ ಆರೋಗ್ಯವನ್ನು ದೇಶದ ಉತ್ಪಾದಕತೆಯ ಪ್ರಶ್ನೆಯಾಗಿಯೂ ಪರಿಶೀಲಿಸಿತು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯನ್ನು ಆಧರಿಸಿ, ವಯಸ್ಕರಲ್ಲಿ ಶೇ 10.6ರಷ್ಟು ಮಂದಿ ಒಂದಿಲ್ಲೊಂದು ಮಾನಸಿಕ ತೊಂದರೆ ಅನುಭವಿಸುತ್ತಿದ್ದಾರೆ, ಚಿಕಿತ್ಸೆ ದೊರೆಯದವರ ಪ್ರಮಾಣವು ತೊಂದರೆಯ ಸ್ವರೂಪಕ್ಕೆ ಅನುಗುಣವಾಗಿ ಶೇ 70ರಿಂದ 92ರವರೆಗೆ ಇದೆ ಎಂದು ಅದು ಹೇಳಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಆ ಕೆಲವು ಪುಟಗಳನ್ನು ಓದಿ ಮುಗಿಸಿದ್ದು ಮೂರು ದಿನಗಳಲ್ಲಿ, ನಡುವೆ ಎರಡು ಬಾರಿ ಕನ್ನಡಕ ಕಳೆದುಕೊಂಡು. ಇದು ತಮಾಷೆಯ ಮಾತಲ್ಲ. ನನಗೆ ಎಡಿಎಚ್‌ಡಿ ಇದೆಯೆಂದು 2022ರಲ್ಲಿ, ನನ್ನ 63ನೆಯ ವಯಸ್ಸಿನಲ್ಲಿ, ಮನೋವೈದ್ಯರು ಖಚಿತಪಡಿಸಿದ್ದಾರೆ.

ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ಇದನ್ನು ಕನ್ನಡದಲ್ಲಿ ಹೇಳಬಹುದು. ಅವಧಾನವನ್ನು ಕಲೆಯ ಮಟ್ಟಕ್ಕೆ ಏರಿಸಿ, ಅಷ್ಟಾವಧಾನ ಶತಾವಧಾನಗಳನ್ನು ಸಭೆ ಕೂಡಿ ಮೆಚ್ಚುವ ನಾಡು ನಮ್ಮದು. ಆದರೆ ಅವಧಾನವಿಲ್ಲದವನಿಗೆ ನಮ್ಮಲ್ಲಿರುವ ಪದಗಳೆಲ್ಲ ನೈತಿಕ ತೀರ್ಪುಗಳೇ: ಸೋಮಾರಿ, ಉಡಾಫೆ, ಬೇಜವಾಬ್ದಾರಿ. ಈ ಪದಗಳನ್ನು ನಾನು ಬಾಲ್ಯದಲ್ಲಿ ಕೇಳಿದ್ದೇನೆ. ಅಧಿಕಾರದಲ್ಲಿದ್ದಾಗ ಬೇರೆಯವರ ಮೇಲೆ ಪ್ರಯೋಗಿಸಿಯೂ ಇದ್ದೇನೆ.

2019ರಲ್ಲಿ ನಿವೃತ್ತನಾದ ಮೇಲೆ ನನ್ನ ದಿನಚರಿ ಕುಸಿಯಿತು. ಪಿಂಚಣಿದಾರರು ವರ್ಷಕ್ಕೊಮ್ಮೆ ಸಲ್ಲಿಸಬೇಕಾದ ಜೀವಿತ ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟುಕೊಂಡೇ ಗಡುವು ಮೀರಿಸಿದೆ, ಪಿಂಚಣಿ ನಿಂತಿತು. ಹಾಲು ಒಲೆಯ ಮೇಲಿಟ್ಟು ವಾಕಿಂಗ್‌ಗೆ ಹೊರಟುಹೋದೆ. ಇದು ಮರೆವಿನ ಕಾಯಿಲೆಯ ಆರಂಭವಿರಬೇಕೆಂದು ನನ್ನ ಹೆಂಡತಿ ಹೆದರಿದಳು. ಅದೇ ವೇಳೆಗೆ ಮೊಮ್ಮಗನನ್ನು ಶಾಲೆಯವರ ಸೂಚನೆಯಂತೆ ವೈದ್ಯರಿಗೆ ತೋರಿಸಲಾಗಿತ್ತು. ಅವರು ಕೊಟ್ಟಿದ್ದ ಪ್ರಶ್ನಾವಳಿಯನ್ನು ತುಂಬುತ್ತ ಕುಳಿತಿದ್ದ ಮಗಳು, ‘ಅಪ್ಪಾ, ಇದರಲ್ಲಿರುವುದೆಲ್ಲ ನೀವೇ’ ಎಂದಳು.

ವೈದ್ಯರು ಮೊದಲು ಥೈರಾಯ್ಡ್, ಖಿನ್ನತೆ, ಮರೆವಿನ ಕಾಯಿಲೆ ಇವೆಲ್ಲವನ್ನೂ ಒಂದೊಂದಾಗಿ ತಳ್ಳಿಹಾಕಿದರು. ಅನಂತರ ಕೇಳಿದ್ದು ನನ್ನ ಬಾಲ್ಯವನ್ನು. ವಯಸ್ಕರಲ್ಲಿ ಈ ತೊಂದರೆಯನ್ನು ಗುರುತಿಸಬೇಕಾದರೆ ಅದರ ಲಕ್ಷಣಗಳು 12 ವರ್ಷಕ್ಕೆ ಮುನ್ನವೇ ಇದ್ದಿರಬೇಕು. 2013ರಲ್ಲಿ ಪರಿಷ್ಕೃತವಾದ ಅಮೆರಿಕದ ಕೈಪಿಡಿಯ ನಿಯಮವಿದು. ಅದಕ್ಕೆ ಮುಂಚೆ ಆ ಗಡಿ 7 ವರ್ಷವಿತ್ತು. ನನ್ನ ಅಪ್ಪ ಅಮ್ಮ ಈಗಿಲ್ಲ. ಸಾಕ್ಷಿ ನುಡಿದವಳು 74 ವರ್ಷದ ಅಕ್ಕ. ರಾಗಿ ಬೀಸಿಸಿಕೊಂಡು ಬಾ ಎಂದು ಗಿರಣಿಗೆ ಕಳುಹಿಸಿದರೆ ನಾನು ಬರಿಗೈಯಲ್ಲಿ ಬರುತ್ತಿದ್ದುದನ್ನೂ, ಡಬ್ಬ ಎಲ್ಲಿ ಎಂದರೆ ಯಾವ ಡಬ್ಬ ಎನ್ನುತ್ತಿದ್ದುದನ್ನೂ ಅವಳು ಫೋನಿನಲ್ಲಿ ವೈದ್ಯರಿಗೆ ನಗುತ್ತ ವಿವರಿಸಿದಳು. ನಾನು ನಗಲಿಲ್ಲ.

ಹಾಗಾದರೆ ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರದ ಕೆಲಸ ಹೇಗೆ ನಡೆಯಿತು? ಬಹಳ ದಿನ ಯೋಚಿಸಿದ ಮೇಲೆ ನನಗೆ ದೊರೆತ ಉತ್ತರ ಅಹಿತಕರವಾದುದು. ಸರ್ಕಾರವೇ ನನಗೊಂದು ಹೊರಗಿನ ಮಿದುಳನ್ನು ಒದಗಿಸಿತ್ತು. ಬೆಳಿಗ್ಗೆ ಆಪ್ತ ಸಹಾಯಕರು ದಿನದ ಸಭೆಗಳ ಚೀಟಿ ಕೈಗಿಡುತ್ತಿದ್ದರು. ಶಿರಸ್ತೇದಾರರು ಕಡತದಲ್ಲಿ ಸಹಿ ಮಾಡಬೇಕಾದ ಪುಟಕ್ಕೆ ಗುರುತಿಟ್ಟು ತರುತ್ತಿದ್ದರು. ಚಾಲಕ ನನ್ನ ಕನ್ನಡಕ ಎಲ್ಲಿದೆಯೆಂದು ಬಲ್ಲವನಾಗಿದ್ದ. ಇನ್ನು, ಈ ತೊಂದರೆಯಿರುವವರಲ್ಲಿ ಅನೇಕರು ತುರ್ತು ಸಂದರ್ಭದಲ್ಲಿ ಚುರುಕಾಗುವುದುಂಟು. 2009ರ ಉತ್ತರ ಕರ್ನಾಟಕದ ನೆರೆಯ ವೇಳೆ ಹಗಲುರಾತ್ರಿ ದುಡಿದುದಕ್ಕೆ ನನಗೆ ಪ್ರಶಂಸಾ ಪತ್ರ ಬಂದಿತ್ತು. ಆಗ ತಿಂಗಳ ಪ್ರಗತಿ ಪರಿಶೀಲನೆಯ ಕಡತಗಳು ನನ್ನ ಮೇಜಿನ ಮೇಲೆ ಧೂಳು ಹಿಡಿದಿದ್ದುದು ಯಾರಿಗೂ ಕಾಣಲಿಲ್ಲ.

ಅದೇ ಕಚೇರಿಯ ಟಪ್ಪಾಲು ವಿಭಾಗದಲ್ಲಿ ಒಬ್ಬ ದ್ವಿತೀಯ ದರ್ಜೆ ಸಹಾಯಕರಿದ್ದರು. ಪತ್ರಗಳನ್ನು ತಪ್ಪು ಶಾಖೆಗೆ ಕಳುಹಿಸುವುದು, ಅರ್ಧ ನಮೂದಿಸಿ ಎದ್ದುಹೋಗುವುದು, ತಡವಾಗಿ ಬರುವುದು ಅವರ ನಿತ್ಯದ ರೂಢಿ. ನೆರೆಯ ಮೂರು ರಾತ್ರಿ ಮಾತ್ರ ಅವರು ಒಂದು ಗಂಜಿ ಕೇಂದ್ರವನ್ನು ಒಬ್ಬರೇ ನಿಭಾಯಿಸಿದರು. ಯಾವ ಊರಿನ ಎಷ್ಟು ಕುಟುಂಬಗಳು ಬಂದಿವೆಯೆಂಬುದು ಅವರ ಬಾಯಲ್ಲಿತ್ತು. ಆದರೆ ವರ್ಷಾಂತ್ಯದ ಗೋಪ್ಯ ವರದಿಯಲ್ಲಿ ನಾನು ‘ಅಶ್ರದ್ಧೆ, ಬೇಜವಾಬ್ದಾರಿ, ಸುಧಾರಣೆಯ ಲಕ್ಷಣಗಳಿಲ್ಲ’ ಎಂದು ಬರೆದೆ. ವಿಚಾರಣೆಯಾಗಿ ಒಂದು ವಾರ್ಷಿಕ ವೇತನ ಬಡ್ತಿಯನ್ನು ತಡೆಹಿಡಿಯಲಾಯಿತು. ಅವರಿಗೂ ಇದೇ ತೊಂದರೆಯಿತ್ತೆಂದು ಹೇಳಲು ನಾನು ವೈದ್ಯನಲ್ಲ. ಆದರೆ ಒಬ್ಬ ವ್ಯಕ್ತಿ ಅಕ್ಟೋಬರಿನಲ್ಲಿ ಸಮರ್ಥನೂ ಡಿಸೆಂಬರಿನಲ್ಲಿ ಅಸಮರ್ಥನೂ ಆಗುವುದು ಹೇಗೆಂಬ ಸರಳ ಪ್ರಶ್ನೆ ನನಗೆ ಹೊಳೆಯಲಿಲ್ಲ. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಇಷ್ಟೇ ಇರಬಹುದು: ನನಗೆ ಆಪ್ತ ಸಹಾಯಕರಿದ್ದರು, ಅವರಿಗೆ ಇರಲಿಲ್ಲ.

ಬಾಲ್ಯದಿಂದಲೂ ಮುಂದುವರಿದ ಎಡಿಎಚ್‌ಡಿ ಜಗತ್ತಿನ ವಯಸ್ಕರಲ್ಲಿ ಸುಮಾರು ಶೇ 2.6ರಷ್ಟು ಮಂದಿಗೆ ಇದೆಯೆಂದು 2021ರಲ್ಲಿ ಪ್ರಕಟವಾದ ಒಂದು ಜಾಗತಿಕ ವಿಶ್ಲೇಷಣೆ ಅಂದಾಜು ಮಾಡಿದೆ. ಎಂದರೆ ನೂರು ಜನರಿರುವ ಕಚೇರಿಯಲ್ಲಿ ಇಬ್ಬರೋ ಮೂವರೋ. ನಮ್ಮ ಕಾನೂನು ಇವರ ಬಗ್ಗೆ ಏನು ಹೇಳುತ್ತದೆ? 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಅನುಸೂಚಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಇಲ್ಲ. ಅದನ್ನು ಸೇರಿಸಲು ಸಂಸತ್ತಿನ ತಿದ್ದುಪಡಿಯೇನೂ ಬೇಕಿಲ್ಲ. ಇತರ ವರ್ಗಗಳನ್ನು ಅಧಿಸೂಚನೆಯ ಮೂಲಕ ಸೇರಿಸುವ ಅಧಿಕಾರವನ್ನು ಅದೇ ಅನುಸೂಚಿ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ.

ಇದು ಮೀಸಲಾತಿಯ ಇನ್ನೊಂದು ಬೇಡಿಕೆಯೆಂದು ಓದುಗರು ಭಾವಿಸಬಾರದು. ಶೇ 40ರ ಮಿತಿಯ ವೈಕಲ್ಯ ಪ್ರಮಾಣಪತ್ರ ಎಡಿಎಚ್‌ಡಿ ಇರುವ ಹೆಚ್ಚಿನವರಿಗೆ ಸಿಗಲಾರದು, ಸಿಗಬೇಕಾಗಿಯೂ ಇಲ್ಲ. ಅವರಿಗೆ ಬೇಕಾದದ್ದು ಆ ಕಾಯ್ದೆಯೇ ಹೇಳುವ ಯುಕ್ತ ಹೊಂದಾಣಿಕೆ: ಬಾಯಿಮಾತಿನ ಬದಲು ಬರವಣಿಗೆಯಲ್ಲಿ ಸೂಚನೆ, ದೊಡ್ಡ ಕೆಲಸಕ್ಕೆ ಒಂದೇ ಗಡುವಿನ ಬದಲು ನಾಲ್ಕು ಸಣ್ಣ ಗಡುವು, ಜನರ ಓಡಾಟವಿಲ್ಲದ ಮೂಲೆಯಲ್ಲೊಂದು ಮೇಜು. ಹಣಕಾಸು ಇಲಾಖೆ ಆಕ್ಷೇಪಿಸುವಂಥ ವೆಚ್ಚ ಇದರಲ್ಲಿಲ್ಲ. ಕೆಲಸವನ್ನು ಜನರ ಸ್ವಭಾವಕ್ಕೆ ತಕ್ಕಂತೆ ಹಂಚುವುದು ಆಡಳಿತದ ಮೊದಲ ಪಾಠವೆಂದು ತರಬೇತಿ ಸಂಸ್ಥೆಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ಆ ತರಗತಿಯಲ್ಲಿ ನಾನು ಕಿಟಕಿಯಾಚೆ ನೋಡುತ್ತಿದ್ದಿರಬೇಕು.

‘ಮರೆವು ಯಾರಿಗಿಲ್ಲ? ಈಗಿನ ಕಾಲದಲ್ಲಿ ಎಲ್ಲದಕ್ಕೂ ಒಂದು ರೋಗದ ಹೆಸರು’ ಎಂದು ಗೆಳೆಯರು ಹೇಳುತ್ತಾರೆ. ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೊ ನೋಡಿ ತಮಗೂ ಎಡಿಎಚ್‌ಡಿ ಇದೆಯೆಂದು ನಿರ್ಧರಿಸುವವರನ್ನು ಕಂಡಾಗ ನನಗೂ ಹಾಗೆನ್ನಿಸುವುದುಂಟು. ಆದರೆ ಬ್ರಿಟಿಷ್ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಲಂಡನ್ನಿನಲ್ಲಿ ಉಪನ್ಯಾಸ ನೀಡಿದ್ದು 1902ರಲ್ಲಿ. ಇದು ಮೊಬೈಲ್ ಯುಗದ ಫ್ಯಾಷನ್ ಅಲ್ಲ. ಎಲ್ಲರಿಗೂ ಒಮ್ಮೊಮ್ಮೆ ಆಗುವುದು ಕೆಲವರಿಗೆ ಬಾಲ್ಯದಿಂದ, ಮನೆಯಲ್ಲೂ ಕಚೇರಿಯಲ್ಲೂ, ಬದುಕು ಕೆಡುವಷ್ಟು ಆಗುತ್ತದೆ. ಈ ಎರಡನ್ನೂ ಬೇರ್ಪಡಿಸಲು ತರಬೇತಾದ ವೈದ್ಯರೇ ಬೇಕು, ಕೊರತೆಯಿರುವುದೂ ಅಲ್ಲಿಯೇ. ತಾಲ್ಲೂಕು ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ಒದಗಿಸಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ದೇಶಕ್ಕೆ ತೋರಿಸಿಕೊಟ್ಟಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆ ವ್ಯವಸ್ಥೆಯ ಮೂಲ ಗಮನವಿದ್ದುದು ತೀವ್ರ ಮನೋರೋಗ, ಅಪಸ್ಮಾರದಂಥವುಗಳ ಮೇಲೆ, ಅದು ಸಹಜವೇ. ಈಗ ಅದನ್ನು ವಿಸ್ತರಿಸುವ ಕಾಲ ಬಂದಿದೆ.

ನಾನು ತೆಗೆದುಕೊಳ್ಳುವ ಮೀಥೈಲ್‌ಫೆನಿಡೇಟ್ ಎಂಬ ಮಾತ್ರೆ ಮಾದಕ ದ್ರವ್ಯಗಳ ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿದೆ. ದುರ್ಬಳಕೆಯ ಭಯವಿರುವುದರಿಂದ ನಿಯಂತ್ರಣ ಸರಿಯೇ. ನನಗೆ ರಕ್ತದೊತ್ತಡವೂ ಇರುವುದರಿಂದ ಇಸಿಜಿ ಮಾಡಿಸಿ, ಅತಿ ಕಡಿಮೆ ಪ್ರಮಾಣದಲ್ಲಿ ಆರಂಭಿಸಿದರು. ಪವಾಡವೇನೂ ನಡೆದಿಲ್ಲ, ಗೋಡೆಯ ಮೇಲಿನ ಪಟ್ಟಿ, ಫೋನಿನ ಅಲಾರಂ ಈಗಲೂ ಬೇಕು. ಬೆಂಗಳೂರಿನಲ್ಲಿ ಎರಡು ಮೂರು ಅಂಗಡಿ ಅಲೆದರೆ ಮಾತ್ರೆ ಸಿಗುತ್ತದೆ. ಊರಿಗೆ ಹೋದಾಗ ತಾಲ್ಲೂಕು ಕೇಂದ್ರದಲ್ಲಿ ವೈದ್ಯರ ಚೀಟಿ ತೋರಿಸಿದರೆ ಅಂಗಡಿಯವರು ನನ್ನನ್ನೊಮ್ಮೆ, ಚೀಟಿಯನ್ನೊಮ್ಮೆ ನೋಡಿ ಇಲ್ಲವೆಂದರು.

ಆ ದ್ವಿತೀಯ ದರ್ಜೆ ಸಹಾಯಕರು ಒಂದೇ ಒಂದು ಬಡ್ತಿ ಪಡೆದು ನಿವೃತ್ತರಾದರೆಂದು ಇತ್ತೀಚೆಗೆ ತಿಳಿಯಿತು. ಅವರ ಫೋನ್ ಸಂಖ್ಯೆಯನ್ನು ಹಳೆಯ ಸಹೋದ್ಯೋಗಿಯೊಬ್ಬರಿಂದ ಪಡೆದು ಗೋಡೆಯ ಪಟ್ಟಿಯಲ್ಲಿ ಬರೆದುಕೊಂಡಿದ್ದೇನೆ. ನಾಲ್ಕು ತಿಂಗಳಾಯಿತು, ಇನ್ನೂ ಕರೆ ಮಾಡಿಲ್ಲ. ಇದಕ್ಕೆ ಕಾರಣ ಎಡಿಎಚ್‌ಡಿ ಅಲ್ಲ.