ತಂಬೂರಿ ಕಥೆಗೆ ಗ್ರಾಫಿಕ್ಸ್ ಕಾರ್ಡ್ ಯಾಕ್ರಪ್ಪ?

1/7

ಮೊದಲನೇ ಫೋಟೊ ನೋಡಿ. ಮಳವಳ್ಳಿ ಕಡೆ ಒಂದು ಹಳ್ಳಿ ಮನೆ ಜಗಲಿ. ಎಡಗಡೆ ತಂಬೂರಿ, ಬಲಗಡೆ ಕೆಂಪು, ಹಸಿರು, ನೀಲಿ ಲೈಟು ಉರಿಯೋ ಕೀಬೋರ್ಡು. ಮಧ್ಯ ಕೂತಿರೋರು ನಮ್ಮ ಚಿಕ್ಕತಾತ. ಫೋಟೊ ಹಾಕಿದ ದಿನ ನೀವೆಲ್ಲ ಬೆಂಕಿ ಎಮೋಜಿ ಹಾಕಿದ್ರಿ, "ಸ್ಟುಡಿಯೊ ವೈಬ್ಸ್ ಮಗಾ" ಅಂದ್ರಿ. ಆ ರಾತ್ರಿ ನಿಜವಾಗ್ಲೂ ಏನಾಯ್ತು ಅಂತ ನಾನು ಬರೀಲಿಲ್ಲ. ಈಗ ಬರೀತೀನಿ. ಯಾಕಂದ್ರೆ ಈ ತಿಂಗಳಲ್ಲಿ ಮೂರು ಜನ ಕ್ಲಾಸ್‌ಮೇಟ್ಸು "ಮನೇಲೇ ಸಾಂಗ್ ರೆಕಾರ್ಡ್ ಮಾಡ್ಬೇಕು, ಯಾವ ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಲಿ" ಅಂತ ಮೆಸೇಜ್ ಮಾಡಿದ್ದೀರಿ. ಪ್ರಶ್ನೆಯೊಳಗೇ ತಪ್ಪು ಉತ್ತರ ಕೂತಿದೆ ನೋಡಿ. "ಯಾವ ಲ್ಯಾಪ್‌ಟಾಪ್" ಅಂತ ಯಾರೂ ಕೇಳ್ತಿಲ್ಲ. "ಯಾವ ಗೇಮಿಂಗ್ ಲ್ಯಾಪ್‌ಟಾಪ್" ಅಂತ ಕೇಳ್ತೀರಿ.

ಉದ್ದ ಇದೆ. ಬಸ್ಸಲ್ಲಿ ಸೀಟು ಸಿಕ್ಕಿದ್ರೆ ಓದಿ.

2/7

ಲೈಟಿನ ಲ್ಯಾಪ್‌ಟಾಪು ನನ್ನದಲ್ಲ, ಮದ್ದೂರಿನ ಫ್ರೆಂಡ್‌ದು. ಹೆಸರು ಬೇಡ, ಆದ್ರೆ ಬರಿ ಅಂತ ಅವನೇ ಹೇಳಿದ. ಬೆಲೆ 92,000. ಅವರವ್ವ ಸಂಘದಲ್ಲಿ ಸಾಲ ಎತ್ತಿ ಮುಂಗಡ ಕಟ್ಟಿದ್ರು, ಉಳಿದದ್ದು ಇಎಂಐ. ಪ್ರತಿ ತಿಂಗಳು ಡೈರಿ ಬಟವಾಡೆ ಬಂದ ತಕ್ಷಣ ಅದರಲ್ಲಿ ಒಂದು ಪಾಲು ಆ ಕೀಬೋರ್ಡಿನ ಲೈಟಿಗೆ ಹೋಗುತ್ತೆ. ಅಂಗಡಿಯವನು ಅವನಿಗೆ ಹೇಳಿದ್ದು ಒಂದೇ ಮಾತು: "ಮ್ಯೂಸಿಕ್ ಅಂದ್ರೆ ಹೆವಿ ವರ್ಕ್ ಬ್ರದರ್, ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು."

ಬೇಡ. ಗ್ರಾಫಿಕ್ಸ್ ಕಾರ್ಡ್ ಇರೋದು ಚಿತ್ರ ಬಿಡಿಸೋಕೆ. ಹಾಡು ರೆಕಾರ್ಡ್ ಮಾಡುವಾಗ ಅದು ಸುಮ್ನೆ ಕೂತು ಬ್ಯಾಟರಿ ತಿನ್ನುತ್ತೆ. ರೆಕಾರ್ಡಿಂಗ್‌ಗೆ ದುಡಿಯೋದು ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಈ ಮೂರೇ. ವಿಡಿಯೊ ಎಡಿಟಿಂಗು, ಗೇಮು ಬೇಕಾದ್ರೆ ಕಾರ್ಡ್ ತಗೊಳ್ಳಿ, ಯಾರು ಬೇಡ ಅಂದ್ರು? ಆದ್ರೆ ಅವ್ವನ ಹತ್ರ "ಹಾಡಿಗೆ" ಅಂತ ಹೇಳಿ ಗೇಮಿಗೆ ತಗೋಬೇಡಿ. (ಈ ಸಾಲು ಓದಿ ನಗ್ತಿರೋರು ಯಾರು ಅಂತ ನಂಗೊತ್ತು.)

3/7

ಈಗ ಆ ರಾತ್ರಿ.

ಚಿಕ್ಕತಾತ ಮಂಟೇಸ್ವಾಮಿ ಕಥೆ ಹಾಡ್ತಾರೆ. ಮಳವಳ್ಳಿ ತಾಲ್ಲೂಕಿನೋರಿಗೆ ಬೊಪ್ಪೇಗೌಡನಪುರದ ಬಗ್ಗೆ ಹೇಳಬೇಕಾಗಿಲ್ಲ. ಉಳಿದೋರಿಗೆ: ನೀಲಗಾರರು ತಂಬೂರಿ ಹಿಡಿದು ರಾತ್ರಿ ಇಡೀ ಹಾಡೋ ಕಥೆ ಇದು. ರೀಲ್ಸಿನ ಮೂವತ್ತು ಸೆಕೆಂಡಿನದಲ್ಲ. ಮಳವಳ್ಳಿ ಮಹದೇವಸ್ವಾಮಿ ಅವರ ಕ್ಯಾಸೆಟ್ಟು ನಮ್ಮ ಅಪ್ಪಂದಿರ ಕಾಲದಲ್ಲಿ ಮನೆಮನೇಲಿ ಓಡ್ತಿತ್ತಲ್ಲ, ಆ ಜಾತಿಯ ಹಾಡಿಕೆ. ತಾತನ ಕ್ಯಾಸೆಟ್ಟು ಯಾರೂ ಮಾಡಿಲ್ಲ. ಅದನ್ನ ನಾವು ಮಾಡ್ತೀವಿ ಅಂತ ಹೊರಟ್ವಿ.

ಲ್ಯಾಪ್‌ಟಾಪ್ ಆನ್ ಮಾಡಿ ಐದು ನಿಮಿಷ ಆಗಿಲ್ಲ, ಫ್ಯಾನು ಶುರುವಾಯ್ತು. ತಾತ ತಂಬೂರಿ ಮೇಲಿಂದ ಬೆರಳು ತೆಗೆದು, "ಏನ್ಲಾ ಅದು, ಹಿಟ್ಟಿನ ಗಿರಣಿ ತಂದು ಮಡಗಿದ್ದೀರಾ?" ಅಂದ್ರು. ನಾವು ನಕ್ವಿ. ಹೆಡ್‌ಫೋನ್ ಹಾಕಿ ಕೇಳಿದ್ರೆ ನಗು ಹೋಯ್ತು. ತಂಬೂರಿ ಶ್ರುತಿ ಕೆಳಗೆ ಇನ್ನೊಂದು ಶ್ರುತಿ, ಸೊಂಯ್ ಅಂತ. ಲ್ಯಾಪ್‌ಟಾಪನ್ನ ಒಳಗೆ ನಡುಮನೆಗೆ ಸಾಗಿಸಿದ್ವಿ, ಕೇಬಲ್ ಸಾಲದೆ ಬಾಗಿಲ ಹೊಸ್ತಿಲಿಗೆ ತಂದ್ವಿ. ಚಾರ್ಜರ್ ಹಾಕಿದ್ರೆ ಗುಂಯ್ ಅಂತ ಹಮ್. ಹಳೇ ಮನೆ, ಅರ್ಥಿಂಗ್ ಸರಿ ಇಲ್ಲ. ಚಾರ್ಜರ್ ಕಿತ್ತು ಬ್ಯಾಟರೀಲಿ ಓಡಿಸಿದ್ವಿ. ಒಂದು ಗಂಟೆ ಚಿಲ್ಲರೆ ಆದ್ಮೇಲೆ ಪರದೆ ಕಪ್ಪಾಯ್ತು. 92,000 ರೂಪಾಯಿ ಮಷೀನು ಕಥೆಯ ಮೊದಲ ಘಟ್ಟಾನೂ ದಾಟಲಿಲ್ಲ.

ಉಳಿದ ರಾತ್ರಿಯನ್ನ ನನ್ನ ಒಡೆದ ಸ್ಕ್ರೀನಿನ ಫೋನು ರೆಕಾರ್ಡ್ ಮಾಡ್ತು. ಏರೋಪ್ಲೇನ್ ಮೋಡ್ ಹಾಕಿ ರಾಗಿ ಮೂಟೆ ಮೇಲೆ ಮಡಗಿದ್ವಿ, ಅಷ್ಟೇ.

ಬೆಳಿಗ್ಗೆ ನೋಡಿದ್ರೆ ಲ್ಯಾಪ್‌ಟಾಪಿನ ಫೈಲು ಓಪನ್ನೇ ಆಗ್ಲಿಲ್ಲ. ಕೆಟ್ಟ ಫೈಲು ಅಂದ್ಕೊಂಡು ಡಿಲೀಟ್ ಮಾಡಿದ್ದು ನಾನೇ. ಆಮೇಲೆ ಗೊತ್ತಾಯ್ತು, ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಫೈಲಿನ ಒಳಗೆ ಧ್ವನಿ ಇರುತ್ತೆ, ತಲೆಭಾಗ ಮಾತ್ರ ಬರೆದಿರಲ್ಲ, ಆಡಾಸಿಟಿಯಲ್ಲಿ ರಾ ಡೇಟಾ ಅಂತ ಇಂಪೋರ್ಟ್ ಮಾಡಿದ್ರೆ ಎಷ್ಟೋ ಸಲ ಬರುತ್ತೆ ಅಂತ. ನೀವಾದ್ರೂ ನೆನಪಿಟ್ಕೊಳ್ಳಿ. ಆ ಒಂದು ಗಂಟೇಲಿ ತಾತ ಒಂದು ಭಾಗ ಹಾಡಿದ್ರು, ಫೋನಲ್ಲಿ ಅದಿಲ್ಲ. ಮೊನ್ನೆ ಮತ್ತೆ ಕೇಳ್ದೆ. ಶುರು ಮಾಡಿದ್ರು, ನಾಲ್ಕು ಸಾಲಿಗೆ ನಿಂತ್ರು. "ಮರ್ತೋಯ್ತು ಕಣ್ಲಾ ಮಗ, ಬಂದಾಗ ಹಾಡ್ತೀನಿ" ಅಂದ್ರು. ಇನ್ನೂ ಬಂದಿಲ್ಲ.

4/7

ಇದಕ್ಕೆ ಲ್ಯಾಪ್‌ಟಾಪ್ ಮಾರಿದೋನ ಮೇಲೆ ಮಾತ್ರ ನಂಗೆ ಸಿಟ್ಟಲ್ಲ. ನಮ್ಮ ಮೇಲೂ ಸಿಟ್ಟು. ಸ್ಪೆಸಿಫಿಕೇಶನ್ ಬಾಯಿಪಾಠ ಮಾಡ್ತೀವಿ, ಒಂದು ಸಲ ಲೆಕ್ಕ ಹಾಕಲ್ಲ. ಬಿಕಾಂ ಓದ್ತಿರೋರು ಕಣ್ರೋ ನಾವು! ಹಾಕೋಣ.

ಮೊದಲು ಜಾಗದ ಲೆಕ್ಕ. ಒಂದು ಮೈಕನ್ನ 44,100 ಹರ್ಟ್ಸ್, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದ್ರೆ ನಿಮಿಷಕ್ಕೆ ಸುಮಾರು 8 ಎಂಬಿ. ಎರಡು ಮೈಕಿಗೆ 16. ಆರು ಗಂಟೆ ಕಥೆಗೆ ಹೆಚ್ಚೂಕಮ್ಮಿ 5.7 ಜಿಬಿ. ನಿಮ್ಮ ಫೋನಲ್ಲಿರೋ ಗುಡ್ ಮಾರ್ನಿಂಗ್ ವಿಡಿಯೊಗಳು ಇದಕ್ಕಿಂತ ಜಾಸ್ತಿ ಇರ್ತವೆ. 512 ಜಿಬಿ ಎಸ್‌ಎಸ್‌ಡಿ ಧಾರಾಳ. 1 ಟಿಬಿ ಇಲ್ಲದೆ ಆಗಲ್ಲ ಅನ್ನೋನು ಸುಳ್ಳು ಹೇಳ್ತಿದಾನೆ. ಒಂದು ಎಚ್ಚರಿಕೆ: ಮಾಮೂಲಿ ವೇವ್ ಫೈಲಿಗೆ 4 ಜಿಬಿ ಮಿತಿ ಇದೆ. ಸ್ಟೀರಿಯೊ ಆದ್ರೆ ನಾಲ್ಕೂವರೆ ಗಂಟೆ ಹತ್ರ ಅದು ಮುಗಿಯುತ್ತೆ. ಗಂಟೆಗೊಂದು ಸಲ ನಿಲ್ಲಿಸಿ ಹೊಸ ಫೈಲ್ ಶುರು ಮಾಡಿ. ತಾತಂದಿರು ಎಲೆಅಡಿಕೆ ಹಾಕ್ಕೊಳ್ಳೋವಾಗ ಮಾಡಿದ್ರೆ ಆಯ್ತು.

ಆಮೇಲೆ "ಲೇಟೆನ್ಸಿ". ಈ ಪದ ಹೇಳಿ ಹೆದರಿಸ್ತಾರೆ. ಹಾಡಿದ್ದು ಹೆಡ್‌ಫೋನಲ್ಲಿ ತಡವಾಗಿ ಕೇಳೋದಕ್ಕೆ ಲೇಟೆನ್ಸಿ ಅನ್ನೋದು. ಬಫರ್ 1024 ಇದ್ರೆ ಬರೀ ಒಳಗೆ ಬರೋಕೇ 23 ಮಿಲಿಸೆಕೆಂಡು, 128ಕ್ಕೆ ಇಳಿಸಿದ್ರೆ 3ಕ್ಕೂ ಕಮ್ಮಿ. ಇಳಿಸಿದಷ್ಟೂ ಪ್ರೊಸೆಸರ್‌ಗೆ ಕೆಲಸ ಜಾಸ್ತಿ, ಅದು ನಿಜ. ಆದ್ರೆ ಇಂಟರ್‌ಫೇಸ್ ಅನ್ನೋ ಆ ಸಣ್ಣ ಡಬ್ಬಿ ಇದೆಯಲ್ಲ, ಬಹಳಷ್ಟರಲ್ಲಿ ಡೈರೆಕ್ಟ್ ಮಾನಿಟರ್ ಅಂತ ಒಂದು ಬಟನ್ ಇರುತ್ತೆ. ಒತ್ತಿದ್ರೆ ನಿಮ್ಮ ಧ್ವನಿ ಲ್ಯಾಪ್‌ಟಾಪಿಗೆ ಹೋಗಿ ಸುತ್ತಿ ಬರದೆ ನೇರ ಕಿವಿಗೆ ಬರುತ್ತೆ. ಲೇಟೆನ್ಸಿ ಸಮಸ್ಯೆಗೆ ಒಂದು ಬಟನ್ನು. ಅದನ್ನ ಹೇಳಿದ್ರೆ ಲಕ್ಷ ರೂಪಾಯಿ ಲ್ಯಾಪ್‌ಟಾಪ್ ಯಾರು ತಗೋತಾರೆ? ವಿಂಡೋಸ್ ಆದ್ರೆ ಆ ಇಂಟರ್‌ಫೇಸ್ ಕಂಪನಿಯ ಎಎಸ್‌ಐಒ ಡ್ರೈವರನ್ನೇ ಹಾಕಿ, ಅದನ್ನ ಮರೀಬೇಡಿ.

ಇನ್ನು ದುಡ್ಡಿನ ಲೆಕ್ಕ. ಇನ್‌ಕಂ ಟ್ಯಾಕ್ಸ್ ಪೇಪರಲ್ಲಿ ಕಂಪ್ಯೂಟರ್‌ಗೆ ಡಿಪ್ರಿಸಿಯೇಶನ್ ಎಷ್ಟು ಅಂತ ಓದಿದ್ದೀವಿ? 40%. 92,000 ಮೊದಲ ವರ್ಷಕ್ಕೆ 55,200, ಎರಡನೇದಕ್ಕೆ 33,120, ಮೂರನೇದಕ್ಕೆ 19,872. ಮಾರ್ಕೆಟ್ ಬೆಲೆ ಹಿಂಗೇ ಇಳಿಯಲ್ಲ, ಒಪ್ತೀನಿ. ಆದ್ರೆ ಇಳಿಯೋ ದಿಕ್ಕು ಇದೇ. ಮೈಕು ಇಷ್ಟು ಬೇಗ ಹಳೇದಾಗಲ್ಲ, ಚೆನ್ನಾಗಿ ಇಟ್ಕೊಂಡ್ರೆ ಹತ್ತು ವರ್ಷ ಆದ್ಮೇಲೂ ಅದೇ ಧ್ವನಿ ಹಿಡಿಯುತ್ತೆ. ಬೇಗ ಸಾಯೋ ವಸ್ತುವಿಗೆ ಸಾಲ, ಬಾಳೋ ವಸ್ತುವಿಗೆ ದುಡ್ಡಿಲ್ಲ! ಫ್ರೆಂಡ್ ಹತ್ರ ಲ್ಯಾಪ್‌ಟಾಪ್ ಆದ್ಮೇಲೆ ಉಳಿದದ್ದು 1,100. ಆ ದುಡ್ಡಿಗೆ ಬಂದ ಮೈಕಲ್ಲಿ ತಾತನ ಧ್ವನಿ ಡಬ್ಬದೊಳಗಿಂದ ಬಂದಂಗಿತ್ತು. "ನೋ ಕಾಸ್ಟ್ ಇಎಂಐ"ನೂ ಹಂಗೇ. ಬಡ್ಡಿಯನ್ನ ಡಿಸ್ಕೌಂಟ್ ಅಂತ ತೋರಿಸ್ತಾರೆ, ಆ ಬಡ್ಡಿ ಮೇಲಿನ 18% ಜಿಎಸ್‌ಟಿ ನಿಮ್ಮ ಕಾರ್ಡಿಗೇ ಬೀಳುತ್ತೆ. ಸ್ಟೇಟ್‌ಮೆಂಟ್ ತೆಗೆದು ನೋಡಿ.

5/7

"ಹಂಗಾದ್ರೆ ಮ್ಯಾಕ್‌ಬುಕ್ಕೇ ತಗೋಬೇಕಾ?" ಹೋದ ಪೋಸ್ಟಿಗೆ ಬಂದ ಕಾಮೆಂಟು.

ಮ್ಯಾಕ್‌ಬುಕ್ ಕೆಟ್ಟದ್ದು ಅಂತ ನಾನು ಹೇಳಲ್ಲ, ಹೊಟ್ಟೆಕಿಚ್ಚು ಇದ್ರೂ. 2020ರ ಎಂ1 ಏರ್‌ನಲ್ಲಿ ಫ್ಯಾನೇ ಇಲ್ಲ, ಬ್ಯಾಟರಿ ಗಟ್ಟಿ, ಗ್ಯಾರೇಜ್‌ಬ್ಯಾಂಡ್ ಪುಕ್ಕಟೆ, ಡ್ರೈವರ್ ತಲೆನೋವು ಕಮ್ಮಿ. ಮನೇಲಿ ಅನುಕೂಲ ಇದ್ರೆ ತಗೊಳ್ಳಿ, ಖುಷಿ. ಆದ್ರೆ ಸೆಕೆಂಡ್‌ಹ್ಯಾಂಡಲ್ಲಿ ಸಿಗೋದು ಹೆಚ್ಚಾಗಿ 8 ಜಿಬಿದು, ಆಮೇಲೆ ರ‍್ಯಾಮ್ ಹೆಚ್ಚಿಸೋಕೆ ಆಗಲ್ಲ. ಅದಿಲ್ಲ ಅಂತ ಹಾಡು ನಿಲ್ಲಿಸಬೇಡಿ, ಅಷ್ಟೇ ನನ್ನ ಜಗಳ. ಆ ರೀಲ್ಸಲ್ಲೆಲ್ಲ ಬಿಲ್ಲಿ ಐಲಿಶ್ ಉದಾಹರಣೆ ಕೊಡ್ತಾರೆ, ಅಣ್ಣ ಫಿನಿಯಸ್ ಜೊತೆ ಬೆಡ್‌ರೂಮಲ್ಲಿ ಆಲ್ಬಮ್ ಮಾಡಿ ಗ್ರ್ಯಾಮಿ ಗೆದ್ರು ಅಂತ. ನಮ್ಮ ಹುಡುಗರು ಅದರಲ್ಲಿ ಬೆಡ್‌ರೂಮ್ ನೋಡಲ್ಲ, ಮೇಜಿನ ಮೇಲಿರೋ ಆಪಲ್ ಗುರುತು ನೋಡ್ತಾರೆ. ಸ್ಟೀವ್ ಲೇಸಿ ಅನ್ನೋ ಹುಡುಗ ಫೋನಿನ ಗ್ಯಾರೇಜ್‌ಬ್ಯಾಂಡಲ್ಲಿ ಬೀಟ್ ಮಾಡ್ತಿದ್ದ, ಅದರಲ್ಲೊಂದು 2017ರಲ್ಲಿ ಕೆಂಡ್ರಿಕ್ ಲಮಾರ್ ಆಲ್ಬಮ್ ಸೇರ್ತು. ಆ ರೀಲು ಯಾರೂ ಶೇರ್ ಮಾಡಲ್ಲ. ಫೋನಲ್ಲಿ ಕಮಿಷನ್ ಇಲ್ವಲ್ಲ.

ಇನ್ನೊಂದು ಕಡೆಯೋರೂ ಇದ್ದಾರೆ, "ಫೋನೇ ಸಾಕು, ಲ್ಯಾಪ್‌ಟಾಪ್ ಎಲ್ಲ ವೇಸ್ಟು" ಅನ್ನೋರು. ಅದೂ ಪೂರ್ತಿ ನಿಜ ಅಲ್ಲ. ರ‍್ಯಾಪಿಗೆ, ಕವರ್ ಸಾಂಗಿಗೆ ಸಾಕು. ಆರು ಗಂಟೆ ರೆಕಾರ್ಡಿಂಗ್ ಕೂತು ಕತ್ತರಿಸೋಕೆ, ಕೆಮ್ಮು, ನಾಯಿ ಬೊಗಳಿದ್ದು ತೆಗೆಯೋಕೆ, ಎರಡು ಮೈಕು ಬೇರೆಬೇರೆ ಹಿಡಿಯೋಕೆ ಫೋನಲ್ಲಿ ಕಣ್ಣು ಹೋಗುತ್ತೆ. ಆರ್ಕೆಸ್ಟ್ರಾ ಲೈಬ್ರರಿ ಹಾಕ್ಕೊಂಡು ಸಿನಿಮಾ ಬ್ಯಾಕ್‌ಗ್ರೌಂಡ್ ಮಾಡೋರಿಗೆ 32 ಜಿಬಿ ರ‍್ಯಾಮ್ ನಿಜವಾಗ್ಲೂ ಬೇಕು. ನಮ್ಮಲ್ಲಿ ಅಂಥೋರು ಯಾರು? ಇದ್ರೆ ಹೇಳಿ, ನಾನೇ ಬಂದು ಕಾಲಿಗೆ ಬೀಳ್ತೀನಿ.

6/7

ನಾನು ತಗೊಂಡದ್ದು ಎರಡನೇ ಫೋಟೊದಲ್ಲಿದೆ. ಕಪ್ಪು, ಚೌಕ, ಬ್ಯಾಂಕಿನ ಮ್ಯಾನೇಜರ್ ಟೇಬಲ್ ಮೇಲೆ ಇರ್ತದಲ್ಲ, ಅದೇ. ಥಿಂಕ್‌ಪ್ಯಾಡ್ ಟಿ480, 2018ರದು, ಆಫೀಸಲ್ಲಿ ದುಡಿದು ರಿಟೈರ್ ಆದದ್ದು. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಅರ್ಧ ದಿನ ಸುತ್ತಿ ತಂದೆ. ನನ್ನ ಖರ್ಚು ಹಂಗೇ ಬರೀತೀನಿ: ಲ್ಯಾಪ್‌ಟಾಪ್ 23,500, ಎರಡು ಮೈಕಿನ ಸೆಕೆಂಡ್‌ಹ್ಯಾಂಡ್ ಇಂಟರ್‌ಫೇಸ್ 7,000, ಡೈನಮಿಕ್ ಮೈಕು ಎರಡಕ್ಕೆ 5,600, ಸ್ಟ್ಯಾಂಡು ಕೇಬಲ್ಲು 1,900, ಹೆಡ್‌ಫೋನು 2,400. ಒಟ್ಟು 40,400. ಎರಡು ವರ್ಷ ಶಾಮಿಯಾನದೋರ ಹತ್ರ ಮದುವೆ ಸೀಸನ್ನಲ್ಲಿ ದುಡಿದ ದುಡ್ಡು, ಸಾಲ ಇಲ್ಲ.

ಯಾಕೆ ಇದು? ಎರಡು ರ‍್ಯಾಮ್ ಸ್ಲಾಟ್ ಇವೆ, 16 ಜಿಬಿ ಹಾಕಿಸ್ದೆ. ಒಳಗೊಂದು ಬ್ಯಾಟರಿ, ಹಿಂದೆ ಕಿತ್ತು ಹಾಕೋ ಇನ್ನೊಂದು ಬ್ಯಾಟರಿ. ಮಷೀನ್ ಆಫ್ ಮಾಡದೇ ಹಿಂದಿನದನ್ನ ಬದಲಾಯಿಸಬಹುದು. ಕರೆಂಟ್ ನಂಬೋಕಾಗದ ಊರಿಗೆ ಇದಕ್ಕಿಂತ ದೊಡ್ಡ ಫೀಚರ್ ಯಾವುದಿದೆ? ಚಾರ್ಜರ್ ಬೇಡ ಅಂದ್ರೆ ಹಮ್ಮೂ ಇಲ್ಲ. ಫ್ಯಾನ್ ಇದೆ, ಆದ್ರೆ ಬರೀ ರೆಕಾರ್ಡಿಂಗ್‌ಗೆ ಜೋರು ಮಾಡಲ್ಲ.

ತರೋವಾಗ ನೋಡಬೇಕಾದ್ದು. ಇದೇ ಮಾಡೆಲ್‌ನಲ್ಲಿ 7ನೇ ಜನರೇಶನ್ ಪ್ರೊಸೆಸರ್ ಇರೋವೂ ಇವೆ. ಬೇಡ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11 ಸರಿಯಾಗಿ ಹಾಕೋಕೆ ಇಂಟೆಲ್ 8ನೇ ಜನರೇಶನ್ನಾದ್ರೂ ಇರಬೇಕು. ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿ. ಬರೀ "ಲ್ಯಾಪ್‌ಟಾಪ್ 1" ಅಂತ ಬರೆದು ಕೊಟ್ಟ ಅಂಗಡೀಲಿ ನಾನು ಮೊದಲ ಸಲ ಮೋಸ ಹೋಗಿ, ಬ್ಯಾಟರಿ ಊದಿಕೊಂಡದ್ದನ್ನ ವಾಪಸ್ ಕೊಡೋಕೆ ಮೂರು ಸಲ ಅಲೆದಿದ್ದೀನಿ. ಹೆಡ್‌ಫೋನ್, ಇಂಟರ್‌ಫೇಸ್ ಜೊತೇಲಿ ತಗೊಂಡು ಹೋಗಿ, ಅಲ್ಲೇ ಹತ್ತು ನಿಮಿಷ ರೆಕಾರ್ಡ್ ಮಾಡಿ. ಅಂಗಡಿಯೋನು ಮುಖ ಸಿಂಡರಿಸ್ತಾನೆ, ಸಿಂಡರಿಸ್ಲಿ.

ಸಾಫ್ಟ್‌ವೇರಿಗೆ ಕ್ರ್ಯಾಕ್ ಹುಡುಕಬೇಡಿ. ರೀಪರ್ 60 ದಿನ ಪೂರ್ತಿ ಪುಕ್ಕಟೆ ಓಡುತ್ತೆ, ಆಮೇಲೆ ನಮ್ಮಂಥೋರಿಗೆ 60 ಡಾಲರ್. ಅದೂ ಬೇಡ ಅಂದ್ರೆ ಆಡಾಸಿಟಿ ಯಾವತ್ತೂ ಪುಕ್ಕಟೆ.

7/7

ಎರಡನೇ ಸಲ ಹೋದಾಗ ತಾತನ ಜೊತೆ ಕಂಸಾಳೆಯೋರೂ ಇಬ್ಬರು ಬಂದ್ರು, ಮಾದಪ್ಪನ ಪದ ಹಾಡೋಕೆ. ಕಂಸಾಳೆ ಬಡಿದ ತಕ್ಷಣ ಮೀಟರ್ ಕೆಂಪಿಗೆ ಹಾರ್ತು. ಗೇನ್ ಇಳಿಸಿ, ಪೀಕ್ ಮೈನಸ್ 12ರ ಸುತ್ತ ನಿಲ್ಲೋ ಹಂಗೆ ಮಾಡ್ಕೊಂಡೆ. 24 ಬಿಟ್ ಇದ್ರೆ ಕಮ್ಮಿ ಗೇನಲ್ಲಿ ಹಿಡಿದು ಆಮೇಲೆ ಏರಿಸಬಹುದು, ಒಡೆದ ಧ್ವನಿಯನ್ನ ಸರಿ ಮಾಡೋಕಾಗಲ್ಲ. ಇದಕ್ಕೆ ಯಾವ ಪ್ರೊಸೆಸರೂ ಬೇಕಾಗಿರಲಿಲ್ಲ, ಇಂಟರ್‌ಫೇಸಿನ ಗುಂಡಿ ಒಂದು ಸುತ್ತು ತಿರುಗಿಸಿದ್ದು ಅಷ್ಟೇ.

ಬೆಳಗಿನ ಜಾವದವರೆಗೂ ಓಡ್ತು. ನಡುವೆ ಒಂದು ಸಲ ಬ್ಯಾಟರಿ ಬದಲಾಯಿಸಿದೆ, ಹಾಡು ನಿಲ್ಲಲಿಲ್ಲ. ತಾತ ಲ್ಯಾಪ್‌ಟಾಪ್ ಕಡೆ ನೋಡಿ, "ಇದು ಆಫಾಗಿದೆಯೇನ್ಲಾ, ಸದ್ದೇ ಇಲ್ವಲ್ಲ" ಅಂದ್ರು. ನನ್ನ ಜೀವನದಲ್ಲಿ ಯಾವ ರಿವ್ಯೂನೂ ನಂಗೆ ಇಷ್ಟು ಖುಷಿ ಕೊಟ್ಟಿಲ್ಲ.

ಮದ್ದೂರಿನ ಫ್ರೆಂಡು ಅವನ ಲ್ಯಾಪ್‌ಟಾಪ್ ಮಾರೋಕಿಟ್ಟಿದ್ದಾನೆ. ಗೇಮ್ ಆಡೋರಿಗೆ, ವಿಡಿಯೊ ಎಡಿಟ್ ಮಾಡೋರಿಗೆ ಒಳ್ಳೇ ಮಷೀನು, ಬೇಕಾದೋರು ಮೆಸೇಜ್ ಮಾಡಿ. ಇನ್ನೂ ಎಂಟು ಕಂತು ಬಾಕಿ ಇದೆ ಅವನಿಗೆ, ಜಾಸ್ತಿ ಚೌಕಾಸಿ ಮಾಡ್ಬೇಡಿ.

ಬರೋ ಶನಿವಾರ ಮೂರು ಜನದಲ್ಲಿ ಇಬ್ಬರನ್ನ ಕರ್ಕೊಂಡು ಎಸ್.ಪಿ. ರೋಡಿಗೆ ಹೋಗ್ತಿದ್ದೀನಿ. ಬೆಳಗಿನ ಮೆಮು, ಮಂಡ್ಯದಲ್ಲಿ ಹತ್ತೋರು ಹತ್ತಿ, ಮದ್ದೂರಲ್ಲಿ ಹತ್ತೋರು ವಡೆ ತಗೊಂಡು ಹತ್ತಿ. ಮಳವಳ್ಳಿಯೋರಿಗೆ ರೈಲಿಲ್ಲ, ಮದ್ದೂರಿಗೆ ಬಸ್ಸಲ್ಲಿ ಬನ್ನಿ. ಹೆಡ್‌ಫೋನ್ ಮರೀಬೇಡಿ. ತಾತ ಒಂದು 32 ಜಿಬಿ ಮೆಮೊರಿ ಕಾರ್ಡ್ ತರೋಕೆ ಹೇಳಿದ್ದಾರೆ, ಅವರ ಸ್ಪೀಕರ್ ಡಬ್ಬಕ್ಕೆ ಹಾಕ್ಕೊಂಡು ಅವರ ಕಥೆ ಅವರೇ ಕೇಳಬೇಕಂತೆ.