ಮೆಣಸಿನ ಬಳ್ಳಿಯ ತವರು

ಕ್ರಿಸ್ತಪೂರ್ವ 1213ರಲ್ಲಿ ಗತಿಸಿದ ಈಜಿಪ್ಟಿನ ದೊರೆ ಎರಡನೆಯ ರಾಮ್ಸೆಸನ ಶವದ ನಾಸಿಕದಲ್ಲಿ ದೊರೆತ ಕಾಳುಗಳೂ, ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಪೋರ್ಚುಗೀಸರಿಂದ ‘ಮೆಣಸಿನ ರಾಣಿ’ಯೆಂಬ ಹೆಸರನ್ನು ತಂದ ಕಾಳುಗಳೂ ಯಾವ ಬಳ್ಳಿಯವೋ, ಆ ಬಳ್ಳಿಯ ಸಹಜ ನೆಲೆ ಪಶ್ಚಿಮಘಟ್ಟದ ಆರ್ದ್ರಾರಣ್ಯವೇ ಹೊರತು ನಾವಿಂದು ಅದನ್ನು ಕಾಣುವ ತೋಟವಲ್ಲ. ವಿಯಟ್ನಾಮು ಈಗ ನಮಗಿಂತ ಹೆಚ್ಚು ಬೆಳೆಯುತ್ತದೆ, ಬೆಳೆಯಲಿ. ತವರು ಮಾತ್ರ ಇದೇ. ಕಾನಿನೊಳಗೆ ಹೊಕ್ಕು ನೋಡಿದರೆ, ಗಿಣ್ಣುಗಿಣ್ಣಿಗೂ ಬೇರುಬಿಟ್ಟು ತೊಗಟೆಯನ್ನು ಬಿಗಿದಪ್ಪಿ ಬೆಳಕಿನೆಡೆಗೆ ಏರಿದ ಕಾಡುಬಳ್ಳಿಗಳಲ್ಲಿ ಬಹುಮಟ್ಟಿಗೆ ಹೆಣ್ಣು ಬೇರೆ, ಗಂಡು ಬೇರೆ. ಒಂದೇ ಹೂವಿನಲ್ಲಿ ಎರಡೂ ಕೂಡಿದ ಬಳ್ಳಿಯನ್ನು ಗುರುತಿಸಿ, ತುಂಡರಿಸಿ, ಊರಿ, ತೋಟಕ್ಕೆ ತಂದವರು ಯಾವ ಪದವಿಯೂ ಇಲ್ಲದ ನಮ್ಮ ಪೂರ್ವಿಕರು. ಹೀಗೆ ತುಂಡಿನಿಂದ ಬೆಳೆದ ಬಳ್ಳಿಗಳು ಗುಣದಲ್ಲಿಯೂ ದೌರ್ಬಲ್ಯದಲ್ಲಿಯೂ ಒಂದೇ ಆದುದರಿಂದ, ಮಳೆಗಾಲದಲ್ಲಿ ಶೀಘ್ರ ಸೊರಗು ರೋಗ ಹೊಕ್ಕಿತೆಂದರೆ ಕರಿಮಚ್ಚೆ ಬಿದ್ದ ಎಲೆಗಳುದುರಿ ಸಾಲಿಗೆ ಸಾಲೇ ಬೋಳಾಗುತ್ತದೆ. ಅದನ್ನು ತಾಳುವ ಗುಣವನ್ನು ಅರಸುವವರು ಕಡೆಗೆ ಕಾಡುಬಳ್ಳಿಗಳ ಬಳಿಗೇ ಹೋಗಬೇಕು. ಹೀಗಿದ್ದೂ ಕಾನನ್ನು ಸವರಿ, ಆಸ್ಟ್ರೇಲಿಯದ ಸಿಲ್ವರ್ ಓಕನ್ನು ನೆಟ್ಟು, ಅದಕ್ಕೆ ಬಳ್ಳಿ ಹಬ್ಬಿಸಿ ಅಭಿವೃದ್ಧಿಯಾಯಿತೆಂದು ಬೀಗುವುದು ನನಗೆ ಸಮ್ಮತವಲ್ಲ. ಸಸಿ ನೆಡುವವನಿಗೆ ಸಹಾಯಧನ ಕೊಡುವ ಸರ್ಕಾರವು, ತನ್ನ ಬೆಟ್ಟದಲ್ಲಿ ಕಾಡುಬಳ್ಳಿಯನ್ನು ಕಡಿಯದೆ ಉಳಿಸಿಕೊಂಡ ರೈತನಿಗೂ ಅಷ್ಟನ್ನು ಕೊಡಲಿ.